ಪೈ 500, ಕ್ರೋಮ್‌ಬುಕ್, ಮ್ಯಾಕ್‌ಬುಕ್ ಏರ್: ಉಡುಪಿಯ ಮಳೆಗಾಲದಲ್ಲಿ ಮೂರೂ ಪರೀಕ್ಷೆಗೆ

ಹೊಸ ಕಂಪ್ಯೂಟರ್ ಹೋಲಿಸುವವರು ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಶುರು ಮಾಡುತ್ತಾರೆ. ನಾನು ಬ್ರೌಸರ್‌ನಿಂದ ಶುರು ಮಾಡುತ್ತೇನೆ. ಗ್ರಾಫ್ ಎಳೆಯುವುದು, ಒಂದಿಷ್ಟು ಪೈಥಾನ್ ಕೋಡ್ ಬರೆಯುವುದು, ಪಿ5.ಜೆಎಸ್ ಎಂಬ ಕೋಡ್ ಲೈಬ್ರರಿಯಲ್ಲಿ ಚಿತ್ರ ಕುಣಿಸುವುದು, ನನ್ನ ಮುಕ್ಕಾಲು ಪಾಲು ಆಟ ಈಗ ಅದರೊಳಗೇ. ಇನ್ನು ಉಡುಪಿಯ ಮಳೆಗಾಲ ಗೊತ್ತುಂಟಲ್ಲ. ಗುಡುಗು ಶುರುವಾದರೆ ಕರೆಂಟು ಹೋಗುತ್ತದೆ, ಅದರ ಹಿಂದೆಯೇ ವೈಫೈ. ಇಲ್ಲಿಯವರಿಗೆ ಅದೂ ಪರೀಕ್ಷೆಯ ಭಾಗವೇ.

ಕೈಯಲ್ಲಿ ಇದ್ದದ್ದು ಮೂರು. ನನ್ನ ಎಂ4 ಮ್ಯಾಕ್‌ಬುಕ್ ಏರ್, ಆಸೆಗೆ ಬಿದ್ದು ತರಿಸಿದ ರಾಸ್ಪ್‌ಬೆರಿ ಪೈ 500, ಮಣಿಪಾಲದ ಗೆಳೆಯರೊಬ್ಬರಿಂದ ಎರವಲು ತಂದ ಒಂದು ಕ್ರೋಮ್‌ಬುಕ್ ಪ್ಲಸ್, ಅಂದರೆ ಗೂಗಲ್‌ನ ಕ್ರೋಮ್‌ಓಎಸ್ ಇರುವ ಲ್ಯಾಪ್‌ಟಾಪ್. ಬೆಲೆಯಲ್ಲಿ ಇವು ಒಂದೇ ಸಾಲಿನಲ್ಲಿ ಕೂರುವುದೇ ಇಲ್ಲ. ಏರ್ 2025ರಲ್ಲಿ ಭಾರತಕ್ಕೆ ಬಂದಾಗ 99,900 ರೂಪಾಯಿ. ಪೈ 500 ಬಿಡುಗಡೆಯಾದಾಗ, ಅಂದರೆ 2024ರ ಡಿಸೆಂಬರ್‌ನಲ್ಲಿ, 90 ಡಾಲರ್. ಆದರೆ ಪೈ ಅಂದರೆ ಬರೀ ಕೀಬೋರ್ಡು. ಕಂಪ್ಯೂಟರ್ ಅದರೊಳಗೇ ಕೂತಿದೆ, ಮಾನಿಟರ್ ನೀವೇ ಹುಡುಕಬೇಕು.

ಮೂರಕ್ಕೂ ಒಂದೇ ಕೆಲಸ ಕೊಟ್ಟೆ: ಮಲ್ಪೆಯ ಉಬ್ಬರ ಇಳಿತದ ಗ್ರಾಫ್. ನಮ್ಮ ಕಡಲಲ್ಲಿ ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಆದರೆ ಎರಡೂ ಏರಿಕೆ ಒಂದೇ ಎತ್ತರ ಇರುವುದಿಲ್ಲ. 12.42 ಗಂಟೆಯ ಒಂದು ಅಲೆಗೆ 23.93 ಗಂಟೆಯ ಇನ್ನೊಂದನ್ನು ಕೂಡಿಸಿದರೆ ಸರಿಸುಮಾರು ಆ ಆಕಾರ ಬರುತ್ತದೆ. ಮೊದಲನೆಯದು ಚಂದ್ರನದ್ದು, ಎರಡನೆಯದರಲ್ಲಿ ಸೂರ್ಯನ ಪಾಲೂ ಉಂಟು. ನಿಜವಾದ ಲೆಕ್ಕದಲ್ಲಿ ಇನ್ನೂ ಎಷ್ಟೋ ಅಲೆಗಳಿವೆ, ನಮ್ಮ ಆಟಕ್ಕೆ ಎರಡು ಸಾಕು.

ಬ್ರೌಸರ್‌ನಲ್ಲೇ ಗ್ರಾಫ್ ಎಳೆಯುವ ಡೆಸ್ಮಾಸ್‌ನಲ್ಲಿ ಸೂತ್ರ ಬರೆದು, ಸಂಖ್ಯೆಯ ಜಾಗದಲ್ಲಿ ಒಂದು ಅಕ್ಷರ ಇಟ್ಟರೆ ಸಾಕು, ಸ್ಲೈಡರ್ ಬೇಕಾ ಎಂದು ಅದೇ ಕೇಳುತ್ತದೆ. ಎರಡನೇ ಅಲೆಯ ಎತ್ತರವನ್ನು ಸೊನ್ನೆಗೆ ತನ್ನಿ: ಎರಡೂ ಉಬ್ಬರ ಸಮ. ನಿಧಾನಕ್ಕೆ ಏರಿಸಿ: ಒಂದು ಬೆಳೆಯುತ್ತದೆ, ಇನ್ನೊಂದು ಕುಗ್ಗುತ್ತದೆ. ಎಷ್ಟು ಹೊತ್ತು ಬೇಕಾದರೂ ಇದನ್ನೇ ಎಳೆಯುತ್ತಾ ಕೂರಬಹುದು ಮಾರಾಯ್ರೆ. ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶದಲ್ಲೂ ಇದೇ ಆಗುತ್ತದೆ, ಕೈ ಕೂರಲು ಸ್ವಲ್ಪ ಸಮಯ ಬೇಕು. ಆದರೆ ಅಲ್ಲಿ ಗ್ರಾಫಿನ ಪಕ್ಕದಲ್ಲೇ ಒಂದು ವೃತ್ತ ಎಳೆದು, ಅದರ ಮೇಲೆ ಬಿಂದು ಓಡಿಸಿ, ಅಲೆ ಹುಟ್ಟುವುದನ್ನೇ ತೋರಿಸಬಹುದು. ಇನ್‌ಸ್ಟಾಲ್ ಮಾಡಿಕೊಂಡರೆ ನೆಟ್ ಬೇಡ. ಸುಮ್ನೆ ನೋಡಲು ಡೆಸ್ಮಾಸ್, ಮಕ್ಕಳಿಗೆ ಕಲಿಸಲು ಜಿಯೋಜೀಬ್ರಾ, ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಇಷ್ಟರವರೆಗೆ ಮೂರು ಕಂಪ್ಯೂಟರ್‌ಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಪೈಯಲ್ಲಿ ಸ್ಲೈಡರ್ ಕೂದಲೆಳೆಯಷ್ಟು ಹಿಂದೆ ಬೀಳುತ್ತದೆ, ಅಷ್ಟೆ. ಟ್ಯಾಬ್‌ಗಳು ಜಾಸ್ತಿ ಆದಾಗ ಬೇಕಾಗುವುದು ರ್‍ಯಾಮ್. ಪೈ 500ರಲ್ಲಿ 8 ಜಿಬಿ, ಕ್ರೋಮ್‌ಬುಕ್ ಪ್ಲಸ್‌ನಲ್ಲಿ ಕನಿಷ್ಠ 8, ಏರ್‌ನಲ್ಲಿ 16.

ನಿಜವಾದ ವ್ಯತ್ಯಾಸ ಕಂಡದ್ದು ಪೈಥಾನ್‌ಗೆ ಬಂದಾಗ. ಗೂಗಲ್ ಕೊಲ್ಯಾಬ್‌ನಲ್ಲಿ ನೀವು ಬರೆದದ್ದು ಓಡುವುದು ಎಲ್ಲೋ ಇರುವ ದೊಡ್ಡ ಕಂಪ್ಯೂಟರ್‌ನಲ್ಲಿ. ನಿಮ್ಮೆದುರು ಇರುವುದು ಕಿಟಕಿ ಮಾತ್ರ. ಹಾಗಾಗಿ ಅಲ್ಲಿ ಪೈಯೂ ಏರ್ ಕೂಡ ಒಂದೇ. ಪೈಥಾನ್ ಬರೆಯಲು ಇರುವ ಇನ್ನೊಂದು ಜಾಗ ಜುಪಿಟರ್‌ಲೈಟ್ ಇದಕ್ಕೆ ಉಲ್ಟಾ. ಪೈಥಾನನ್ನೇ ವೆಬ್‌ಅಸೆಂಬ್ಲಿಗೆ, ಅಂದರೆ ಬ್ರೌಸರ್ ಓಡಿಸಬಲ್ಲ ರೂಪಕ್ಕೆ, ಇಳಿಸಿ ನಿಮ್ಮ ಬ್ರೌಸರ್‌ನೊಳಗೆ ಕೂರಿಸುತ್ತದೆ. ಹೀಗೆ ಇಳಿಸಿದ ಪೈಥಾನ್‌ಗೆ ಪಯೋಡೈಡ್ ಅಂತ ಹೆಸರು, ಮೊಜಿಲ್ಲಾದಲ್ಲಿ 2018ರಲ್ಲಿ ಹುಟ್ಟಿದ್ದು. ಇಲ್ಲಿ ನಿಮ್ಮ ಪ್ರೊಸೆಸರ್‌ಗೇ ಬೆವರು. ಒಂದು ವರ್ಷದ ಉಬ್ಬರವನ್ನು ನಿಮಿಷ ನಿಮಿಷಕ್ಕೆ ಲೆಕ್ಕ ಹಾಕಿಸಿ ಗ್ರಾಫ್ ಬಿಡಿಸಿದಾಗ ಏರ್ ಕೂಡಲೇ ಮುಗಿಸಿತು, ಕ್ರೋಮ್‌ಬುಕ್ ಸ್ವಲ್ಪ ತಡ ಮಾಡಿತು, ಪೈ ಕಾಯಿಸಿತು.

ಆಮೇಲೆ ರೂಟರ್ ಆಫ್ ಮಾಡಿದೆ. ಕೊಲ್ಯಾಬ್ ಅಲ್ಲೇ ನಿಂತಿತು, ನಿಲ್ಲಲೇಬೇಕಲ್ವಾ. ಡೆಸ್ಮಾಸ್, ಜುಪಿಟರ್‌ಲೈಟ್ ಎರಡೂ ತೆರೆದ ಟ್ಯಾಬ್‌ನಲ್ಲಿ ಹಾಗೇ ಓಡುತ್ತಿದ್ದವು. ಪೇಜ್ ರಿಫ್ರೆಶ್ ಮಾಡಲು ಹೋಗಬಾರದು, ಅಷ್ಟೇ. ಕೊಲರಾಡೋ ವಿಶ್ವವಿದ್ಯಾಲಯದ ಫೆಟ್ ಎಂಬ, ಪರದೆಯ ಮೇಲೇ ಮಾಡುವ ವಿಜ್ಞಾನದ ಪ್ರಯೋಗಗಳು ಇನ್ನೂ ಒಳ್ಳೆಯದು: ಒಂದೊಂದು ಪ್ರಯೋಗವೂ ಒಂದೇ ಎಚ್‌ಟಿಎಂಎಲ್ ಫೈಲ್. ಪೆನ್‌ಡ್ರೈವ್‌ಗೆ ಹಾಕಿಕೊಂಡು ನೆಟ್ ಇಲ್ಲದ ಶಾಲೆಯಲ್ಲೂ ತೋರಿಸಬಹುದು.

ಇನ್ನು ಕರೆಂಟು. ಪೈಗೆ ಬ್ಯಾಟರಿಯೇ ಇಲ್ಲ. 27 ವ್ಯಾಟ್‌ನ ಅಡಾಪ್ಟರ್ ಸಾಕು, ಮನೆಯಲ್ಲಿ ಇನ್‌ವರ್ಟರ್ ಇದ್ದರೆ ತೊಂದರೆ ಇಲ್ಲ, ಇಲ್ಲದಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ನೆಚ್ಚಿಕೊಳ್ಳಬೇಡಿ. ಆದರೂ ಮೂರರಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಫ್ಯಾನ್ ಇಲ್ಲ, ಸದ್ದಿಲ್ಲ, ನಮ್ಮ ಉಪ್ಪುಗಾಳಿ, ತೇವ ಒಳಗೆ ಎಳೆದುಕೊಳ್ಳುವ ಭಯ ಕಡಿಮೆ. ಏರ್‌ಗೂ ಫ್ಯಾನ್ ಇಲ್ಲ. ನಾನು ತಂದ ಕ್ರೋಮ್‌ಬುಕ್‌ಗೆ ಇದೆ. ಪೈ ತೆಗೆದುಕೊಳ್ಳುವವರು ಒಂದು ಮಾತು ನೆನಪಿಡಿ: ಅದಕ್ಕೆ ಮೈಕ್ರೋ ಎಚ್‌ಡಿಎಂಐ ಕೇಬಲ್ ಬೇಕು, ಟಿವಿಯದ್ದು ಆಗುವುದಿಲ್ಲ. ಹೆಡ್‌ಫೋನ್ ತೂತೂ ಇಲ್ಲ.

ಕನ್ನಡ ಟೈಪಿಂಗ್‌ನಲ್ಲಿ ಕ್ರೋಮ್‌ಬುಕ್ ಗೆದ್ದಿತು. ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದರೆ ಕನ್ನಡ ಬರುವ ವ್ಯವಸ್ಥೆ ಅದರಲ್ಲೇ ಇದೆ. ಮ್ಯಾಕ್‌ನಲ್ಲೂ ಕನ್ನಡ ಕೀಬೋರ್ಡ್ ಇದೆ, ಸೆಟ್ಟಿಂಗ್ಸ್‌ನಲ್ಲಿ ಸೇರಿಸಿಕೊಂಡರಾಯಿತು. ಪೈಯಲ್ಲಿ ಕಗಪ ಕೀಲಿಮಣೆ ವಿನ್ಯಾಸ ಆರಿಸಿಕೊಳ್ಳಬಹುದು. ಅಕ್ಷರ ಚೆಂದ ಕಾಣಬೇಕಾದರೆ ಡೆಬಿಯನ್‌ನ (ಪೈಯ ವ್ಯವಸ್ಥೆಗೆ ಮೂಲವಾದ ಲಿನಕ್ಸ್) ಕನ್ನಡ ಫಾಂಟ್ ಪ್ಯಾಕೇಜ್ ಹಾಕಿಕೊಳ್ಳಿ. ಗುಬ್ಬಿ, ನವಿಲು ಎರಡೂ ಅದರಲ್ಲೇ ಬರುತ್ತವೆ.

ಪಿಯುಸಿಯಲ್ಲಿ ಕಾಮರ್ಸ್ ಓದುವ ಅಕ್ಕನ ಮಗಳು ಇದೆಲ್ಲ ನೋಡಿ ಒಂದೇ ಪ್ರಶ್ನೆ ಕೇಳಿದಳು. "ಮಾವ, ಇದರಲ್ಲಿ ಯಾವುದರಲ್ಲಿ ಟ್ಯಾಲಿ ಆಗ್ತದೆ?" ಯಾವುದರಲ್ಲೂ ನೇರವಾಗಿ ಆಗುವುದಿಲ್ಲ, ಟ್ಯಾಲಿಗೆ ವಿಂಡೋಸ್ ಬೇಕು. ಅವಳಿಗೆ ಸೆಕೆಂಡ್‌ಹ್ಯಾಂಡ್ ವಿಂಡೋಸ್ ಲ್ಯಾಪ್‌ಟಾಪ್ ನೋಡುತ್ತಿದ್ದೇವೆ. ಇಂಟೆಲ್ ಆದರೆ 8ನೇ ಪೀಳಿಗೆ ಅಥವಾ ಅದಕ್ಕಿಂತ ಹೊಸದು ಇರಬೇಕು, ಯಾಕೆಂದರೆ ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅದಕ್ಕಿಂತ ಹಳೆಯದಕ್ಕೆ ವಿಂಡೋಸ್ 11 ಸರಿಯಾದ ದಾರಿಯಲ್ಲಿ ಏರುವುದಿಲ್ಲ. ಡೆಸ್ಮಾಸ್ ಅಂತೂ ಅದರಲ್ಲೂ ಓಡುತ್ತದೆ.