ಪವರ್ ಆಟೋಮೇಟ್ ಫ್ಲೋ ಮಾಡಿಸ್ತಿದೀರಾ? ಅದು ಯಾರ ಐಡಿಯಲ್ಲಿದೆ ಮೊದಲು ನೋಡಿ

ಪವರ್ ಆಟೋಮೇಟ್ ಅಂದರೆ ಕೆಲಸಗಳು ತಾನಾಗಿ ನಡೆಯೋ ಹಾಗೆ ಮಾಡೋ ಮೈಕ್ರೋಸಾಫ್ಟ್ ಸಾಫ್ಟ್‌ವೇರ್, ಅದರಲ್ಲಿ ಜೋಡಿಸಿಟ್ಟ ಕೆಲಸದ ಸರಣಿಯೇ ಫ್ಲೋ. ಪೀಣ್ಯದ ನಮ್ಮ ಕಾರ್ಖಾನೆಗೆ ಬಿಲ್ ಅಪ್ರೂವಲ್ ಫ್ಲೋ ಬೇಕಿತ್ತು. ಶೇರ್‌ಪಾಯಿಂಟ್ ಲಿಸ್ಟಿಗೆ (ಮೈಕ್ರೋಸಾಫ್ಟ್‌ನ ಆನ್‌ಲೈನ್ ಪಟ್ಟಿ) ಬಿಲ್ ಏರಿಸಿದರೆ ಮ್ಯಾನೇಜರ್‌ಗೆ, ಅವರು ಒಪ್ಪಿದರೆ ಅಕೌಂಟ್ಸ್‌ಗೆ, ಅಷ್ಟೇ ಕೆಲಸ. ಎಚ್‌ಎಸ್‌ಆರ್ ಲೇಔಟ್ ಕಡೆಯ ಒಂದು ಏಜೆನ್ಸಿಗೆ ಕೊಟ್ವಿ. ಫ್ಲೋಗೆ ಅಂತಲೇ ಲೈಸೆನ್ಸ್ ಸಮೇತ ಬೇರೆ ಐಡಿ ಕೊಟ್ಟು, ಇದರಲ್ಲೇ ಮಾಡಿ ಅಂತ ಮೇಲ್ ಕೂಡ ಹಾಕಿದ್ವಿ. ಕೆಲಸ ಮುಗೀತು, ಪೂರ್ತಿ ದುಡ್ಡು ತಗೊಂಡ್ರು.

ಆಮೇಲೆ ಅವರದೇ ಮೇಲ್: "ನಮ್ಮ ಹುಡುಗ ಕೆಲಸ ಬಿಟ್ಟಿದ್ದಾನೆ, ಅವನ ಟೆಸ್ಟಿಂಗ್ ಐಡಿ ಮುಚ್ಚಿಬಿಡಿ." ಮುಚ್ಚಿದ್ವಿ. ಸ್ವಲ್ಪ ದಿನಕ್ಕೇ ಬಿಲ್‌ಗಳು ಮುಂದೆ ಹೋಗೋದೇ ನಿಂತಿತು. ಎರರ್ ಇಲ್ಲ, ಮೇಲ್ ಇಲ್ಲ. ಇಪ್ಪತ್ತು ವರ್ಷದಿಂದ ನಮಗೆ ಕಬ್ಬಿಣ ಕೊಡುವ ಹಿರಿಯರು ರಿಸೆಪ್ಷನ್‌ನಲ್ಲಿ ಕೂತು "ಯಾಕ್ ಸ್ವಾಮಿ, ನನ್ನ ಬಿಲ್ ಏನಾಯ್ತು?" ಅಂದಾಗ ನನಗೆ ತಲೆ ಎತ್ತೋಕಾಗಲಿಲ್ಲ.

ಏಜೆನ್ಸಿಗೆ ಫೋನ್ ಮಾಡಿದರೆ, "ಸರ್, ಮೈಕ್ರೋಸಾಫ್ಟ್ ಕಡೆ ಇಶ್ಯೂ, ವೇಟ್ ಮಾಡಿ." ಮತ್ತೆ ಮಾಡಿದರೆ, "ಸರ್, ಅವರು ವರ್ಷನ್ ಚೇಂಜ್ ಮಾಡಿದ್ದಾರೆ, ಮೈಗ್ರೇಷನ್ ಬೇಕು, ₹45,000 ಆಗುತ್ತೆ." ಅರ್ಧ ಅಡ್ವಾನ್ಸ್ ಹಾಕಿಸಿಕೊಂಡರು. ಆಮೇಲೆ ಫೋನೇ ಎತ್ತಲ್ಲ.

ಕೊನೆಗೆ ನಮ್ಮ ಐಟಿ ಹುಡುಗಿ ಅಡ್ಮಿನ್ ಸೆಂಟರ್‌ನಿಂದ ನನ್ನನ್ನು ಕೋ-ಓನರ್ ಮಾಡಿದಳು. ಫ್ಲೋ ತೆಗೆದೆ. ಓನರ್ ಜಾಗದಲ್ಲಿ ಆ ಹುಡುಗನ ಹೆಸರು! ಶೇರ್‌ಪಾಯಿಂಟ್, ಔಟ್‌ಲುಕ್, ಅಪ್ರೂವಲ್ಸ್, ಎಲ್ಲ ಕನೆಕ್ಷನ್‌ಗಳೂ (ಫ್ಲೋ ಆ ಆ್ಯಪ್‌ಗಳಿಗೆ ಹೋಗೋಕೆ ಬಳಸೋ ಲಾಗಿನ್) ಅವನ ಐಡಿಯಲ್ಲೇ. ಐಡಿ ಮುಚ್ಚಿದ ಮೇಲೆ ಕನೆಕ್ಷನ್ ಹೇಗೆ ಉಳಿಯುತ್ತೆ? ಫೇಲ್ ಆದರೆ ಮೇಲ್ ಹೋಗೋದೂ ಓನರ್‌ಗೆ, ಅಂದರೆ ಮುಚ್ಚಿದ ಆ ಐಡಿಗೇ. ನಾವು ಕೊಟ್ಟ ಐಡಿಯಲ್ಲಿ ಲಾಗಿನ್ ಆಗಿ ಕನೆಕ್ಷನ್ ಬದಲಾಯಿಸಿ ಸೇವ್ ಮಾಡಿದೆವು. ಚಹಾ ಆರುವಷ್ಟರಲ್ಲಿ ಮೊದಲ ಬಿಲ್ ಮ್ಯಾನೇಜರ್‌ಗೆ ಹೋಯಿತು. ಯಾವ ಮೈಗ್ರೇಷನ್? ಯಾವ ವರ್ಷನ್? ಹಸಿ ಸುಳ್ಳು!

ಸ್ಕ್ರೀನ್‌ಶಾಟ್ ಕಳಿಸಿದ್ದಕ್ಕೆ ಬಂದ ಉತ್ತರ: "ಸರ್, ಹ್ಯಾಂಡೋವರ್ ಸ್ಕೋಪ್‌ನಲ್ಲಿ ಇರಲಿಲ್ಲ."

ಇನ್ನೊಂದು. ತಿಂಗಳ ರಿಪೋರ್ಟಿನಲ್ಲಿ 100 ಬಿಲ್ ಮಾತ್ರ ಬರುತ್ತಿತ್ತು. "ಶೇರ್‌ಪಾಯಿಂಟ್ ಲಿಮಿಟ್ ಸರ್" ಅಂದಿದ್ದರು. ಅದೂ ಸುಳ್ಳು. ಲಿಸ್ಟಿನಿಂದ ಸಾಲುಗಳನ್ನ ತರೋ 'ಗೆಟ್ ಐಟಮ್ಸ್' ಹೆಜ್ಜೆ ತಾನಾಗಿ ತರೋದು 100 ಸಾಲು, ಅದರ ಸೆಟ್ಟಿಂಗ್ಸ್‌ನಲ್ಲಿ ಪೇಜಿನೇಷನ್ (ಕಂತು ಕಂತಾಗಿ ತರೋದು) ಆನ್ ಮಾಡಿದರೆ ಉಳಿದವೂ ಬರುತ್ತವೆ.

ಕೊನೇ ಕಂತು ಕೊಡೋ ಮೊದಲು ಓನರ್ ಯಾರು, ಕನೆಕ್ಷನ್ ಯಾರದು ಅಂತ ನೀವೇ ತೆಗೆದು ನೋಡಿ, ಅವರ ಮಾತು ನಂಬಬೇಡಿ. ರನ್ ಹಿಸ್ಟರಿ, ಅಂದರೆ ಫ್ಲೋ ಯಾವಾಗ ಓಡಿತು, ಏನಾಯ್ತು ಅನ್ನೋ ದಾಖಲೆ, 28 ದಿನ ಮಾತ್ರ ಇರುತ್ತೆ, ತಕರಾರು ಇದ್ದರೆ ಅಷ್ಟರೊಳಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ಅಡ್ವಾನ್ಸ್ ವಾಪಸ್ ಕೇಳಿದ್ದಕ್ಕೆ ನನ್ನ ನಂಬರ್ ಬ್ಲಾಕ್ ಮಾಡಿದ್ದಾರೆ.