ಕೈರೋಪ್ರಾಕ್ಟಿಕ್ ಚಿಕಿತ್ಸೆ: ಸೊಂಟಕ್ಕೆ ಸರಿ, ಕುತ್ತಿಗೆಗೆ ಎಚ್ಚರ

ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದ ತಳ್ಳಿ ನೋವು ಇಳಿಸಲು ನೋಡುವ ಪದ್ಧತಿ ಕೈರೋಪ್ರಾಕ್ಟಿಕ್. ಈ ಚಿಕಿತ್ಸೆಯನ್ನು ತಳ್ಳುವಾಗ ಬರುವ ‘ಲಟಕ್’ ಸದ್ದಿನಿಂದ ಅಳೆಯಬೇಡಿ. ಕೀಲಿನೊಳಗಿನ ದ್ರವದಲ್ಲಿ ಒತ್ತಡ ಥಟ್ಟನೆ ಇಳಿದಾಗ ಅನಿಲದ ಗುಳ್ಳೆ ಹುಟ್ಟಿ ಆ ಸದ್ದು ಬರುತ್ತದೆ. ಬೆರಳಿನ ನೆಟಿಕೆ ಮುರಿದಾಗ ಕೇಳುವುದೂ ಇದೇ. ಅದೇ ಕೀಲು ಮತ್ತೆ ಸದ್ದು ಮಾಡಲು ಸುಮಾರು 20 ನಿಮಿಷ ಬೇಕು. ಮೂಳೆ ‘ಜಾಗಕ್ಕೆ ಕೂತಿತು’ ಎನ್ನಲು ಅದು ಸಾಕ್ಷಿಯಲ್ಲ. ಸದ್ದಿಲ್ಲದೆಯೂ ನೋವು ಇಳಿಯಬಹುದು.

ಅಳೆಯಬೇಕಾದದ್ದು ಮೊದಲ ಭೇಟಿಯ ಪರೀಕ್ಷೆಯನ್ನು. ನೋವು ಕಾಲಿಗೆ ಇಳಿಯುತ್ತದೆಯೇ, ಮೂಳೆ ಸವೆತವಿದೆಯೇ, ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದೆಯೇ ಎಂದು ಕೇಳಬೇಕು. ಮಂಡಿಯ ರಿಫ್ಲೆಕ್ಸ್ (ತಟ್ಟಿದಾಗ ಕಾಲು ತಾನಾಗಿ ಚಿಮ್ಮುವುದು), ಪಾದದ ಬಲ ನೋಡಬೇಕು. ಅಂಗಾತ ಮಲಗಿಸಿ, ಮಂಡಿ ಮಡಿಸದೆ ಕಾಲೆತ್ತಿ ನೋಡಬೇಕು. ಆಮೇಲೆಯೇ ಬೆನ್ನುಮೂಳೆಯ ಒಂದೊಂದು ಕೀಲನ್ನೂ ಬೆರಳಿನಿಂದ ಒತ್ತಿ, ಅಲುಗಾಟ ಎಲ್ಲಿ ಕಡಿಮೆಯೆಂದು ಹುಡುಕುವುದು. ಬಂದವರಿಗೆಲ್ಲ ಎಕ್ಸ್‌ರೇ ತೆಗೆಯುವ ಜಾಗ ನನಗೆ ಒಪ್ಪಿಗೆಯಿಲ್ಲ.

‘ಅಡ್ಜಸ್ಟ್‌ಮೆಂಟ್’ ಎಂದರೆ ಕೀಲನ್ನು ಅದರ ಚಲನೆಯ ಕೊನೆಯವರೆಗೆ ಒಯ್ದು, ಅಲ್ಲಿಂದ ಕೊಡುವ ಚುರುಕಾದ ಪುಟ್ಟ ತಳ್ಳು. ಸೊಂಟಕ್ಕಾದರೆ ಪಕ್ಕಕ್ಕೆ ಮಲಗಿಸಿ, ಮೇಲಿನ ಕಾಲನ್ನು ಮಡಿಸಿ ಕೊಡುತ್ತಾರೆ. ಭಯದಿಂದ ಮೈ ಬಿಗಿಹಿಡಿದರೆ ಸ್ನಾಯು ಎದುರು ನಿಲ್ಲುತ್ತದೆ. ಆಗ ಬಲ ಹೆಚ್ಚಿಸುವವರು ಕೆಲಸ ಬಲ್ಲವರಲ್ಲ. ಬಲ್ಲವರು ತಳ್ಳಿದಾಗ ಒಂದು ಭಾಗ ತುಸು ಕೆಳಗಿಳಿಯುವ ಡ್ರಾಪ್ ಟೇಬಲ್ಲಿಗೋ, ಸ್ಪ್ರಿಂಗ್ ಬಲದಿಂದ ತಟ್ಟುವ ಕೈಸಾಧನ ಆ್ಯಕ್ಟಿವೇಟರ್‌ಗೋ, ನಿಧಾನವಾಗಿ ಕೀಲಾಡಿಸುವ ಮೊಬಿಲೈಸೇಷನ್‌ಗೋ ಹೋಗುತ್ತಾರೆ.

1895ರಲ್ಲಿ ಅಮೆರಿಕದಲ್ಲಿ ಡಿ.ಡಿ. ಪಾಮರ್ ಈ ಪದ್ಧತಿ ಆರಂಭಿಸಿದರು. ಬೆನ್ನೆಲುಬು ಸರಿದು, ಅಂದರೆ ‘ಸಬ್‌ಲಕ್ಸೇಷನ್’ ಆಗಿ, ನರಕ್ಕೆ ಅಡ್ಡಿಯಾಗುವುದೇ ಬಹುತೇಕ ಕಾಯಿಲೆಗಳ ಮೂಲ ಎಂಬ ಅವರ ವಾದ ಸಾಬೀತಾಗಿಲ್ಲ. ಆ ಹೆಸರಿನಲ್ಲಿ ಆಸ್ತಮಾ, ರಕ್ತದೊತ್ತಡ ವಾಸಿಮಾಡುತ್ತೇವೆ ಎನ್ನುವವರಿಂದ ಎದ್ದು ಬನ್ನಿ.

ಸೊಂಟ ನೋವಿಗೆ ಮಾತ್ರ ಇದನ್ನು ಒಪ್ಪುತ್ತೇನೆ. ಪ್ರಯೋಜನ ಸಾಧಾರಣ, ಹೆಚ್ಚುಕಡಿಮೆ ವ್ಯಾಯಾಮದಷ್ಟೇ. ಕೆಲವು ವಾರಗಳಲ್ಲಿ ಬದಲಾವಣೆ ಕಾಣದಿದ್ದರೆ ನಿಲ್ಲಿಸಿ, ವರ್ಷದ ಪ್ಯಾಕೇಜಿಗೆ ಮುಂಗಡ ಕಟ್ಟಬೇಡಿ. ಕುತ್ತಿಗೆಯನ್ನು ಝಟ್ಟನೆ ತಿರುಗಿಸುವುದಂತೂ ಬೇಡವೇ ಬೇಡ. ಅಪರೂಪಕ್ಕೆ ಅಲ್ಲಿನ ರಕ್ತನಾಳದ ಒಳಪದರ ಸೀಳಿ ಪಾರ್ಶ್ವವಾಯು ಆದದ್ದುಂಟು.

ಚಿಕಿತ್ಸೆಯ ನಂತರ ಒಂದೆರಡು ದಿನದ ಮೈನೋವು ಸಹಜ. ತಲೆಸುತ್ತು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ಮೂತ್ರ ಕಟ್ಟುವುದು, ತೊಡೆಸಂದು ಮರಗಟ್ಟುವುದು: ಇವುಗಳಲ್ಲಿ ಯಾವುದು ಕಂಡರೂ ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.