ಯುಕೆನಾಗ ಬಸುರಿ ಇದ್ದಾಗ ರಿಸೈನ್ ಲೆಟರ್ ಮುಂದಿಟ್ರ ಸೈನ್ ಹಾಕ್ಬ್ಯಾಡ್ರಿ, ನಾ ಹಾಕಿ ಕೆಟ್ಟೀನಿ

ಗಂಗಾವತಿ, ಸಿಂಧನೂರು, ಬಳ್ಳಾರಿ ಕಡೆಯಿಂದ ಯುಕೆಗೆ ಕೇರ್ ವೀಸಾ (ವಯಸ್ಸಾದವರು, ರೋಗಿಗಳ ಆರೈಕಿ ಕೆಲಸದ ವೀಸಾ) ಮ್ಯಾಲ ಹೋಗಿರೋ ಹೆಣ್ಮಕ್ಕಳು ದಯವಿಟ್ಟು ಇದನ್ನ ಪೂರ್ತಿ ಓದ್ರಿ. ಉದ್ದ ಐತಿ, ಆದ್ರೂ ಓದ್ರಿ. ಬರೀಲೋ ಬ್ಯಾಡೋ ಅಂತ ಇಷ್ಟು ದಿನ ಸುಮ್ಮನಿದ್ದೆ, ನಮ್ಮಪ್ಪ "ಮಂದಿ ಮುಂದ ಯಾಕ ಹೇಳ್ಕೋತಿ, ಬಿಡವ್ವ" ಅಂತಾರ, ಬಿಟ್ಟು ಬಿಟ್ಟು ಸಾಕಾಗೇತಿ ನಂಗ.

ನಾನು ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮಾಡಿ ಬಳ್ಳಾರಿ ಆಸ್ಪತ್ರ್ಯಾಗ ನಾಕು ವರ್ಷ ಡ್ಯೂಟಿ ಮಾಡ್ದಾಕಿ. 2023ರಾಗ ಅಲ್ಲಿನ ಏಜೆಂಟ್ ಒಬ್ಬರ ಮುಖಾಂತರ ಕೇರ್ ವರ್ಕರ್ ಆಗಿ ಹೋದೆ. 12 ಲಕ್ಷ ಕೊಟ್ವಿ. ಅಪ್ಪ ಕಾಲುವಿ ನೀರಿನ ಎರಡು ಎಕರೆ ಗದ್ದಿ ಒತ್ತಿ ಹಾಕಿ ಕೊಟ್ಟಿದ್ರು. ಸಿಒಎಸ್ ಅಂದ್ರ ವೀಸಾಕ್ಕ ಬೇಕಾಗೋ ಕಂಪನಿ ಸ್ಪಾನ್ಸರ್ ಸರ್ಟಿಫಿಕೇಟ್, ಅದಕ್ಕ ಕಂಪನಿ ಕಟ್ಟೋ ಫೀಸು ಕೆಲವೇ ನೂರು ಪೌಂಡ್ ಅಂತ ಆಮ್ಯಾಲ ಗೊತ್ತಾತು, ಇರ್ಲಿ, ರೊಕ್ಕದ ಕಥಿ ನಿಮಗೆಲ್ಲಾ ಗೊತ್ತಿರೋದೇ, ನಾ ಹೇಳಾಕ ಹೊಂಟಿದ್ದು ಅದಲ್ಲ. 2024ರ ಜನವರಿಗೆ ನಮ್ಮ ಮನಿಯವರೂ ನನ್ನ ವೀಸಾದ ಆಧಾರದ ಡಿಪೆಂಡೆಂಟ್ ವೀಸಾ ಮ್ಯಾಲ ಬಂದ್ರು. ಆಗಸ್ಟ್‌ನಾಗ ನಾ ಹೊಟ್ಟೀಲೆ ಆಗೀನಿ ಅಂತ ಗೊತ್ತಾತು. ಡ್ಯೂ ಡೇಟ್ 2025ರ ಏಪ್ರಿಲ್ 20. ಈ ತಾರೀಖು ನೆನಪಿಟ್ಕೊಳ್ರಿ, ಎಲ್ಲಾ ಇದರಾಗೇ ಐತಿ.

ಐದು ತಿಂಗಳು ತುಂಬೋ ಹೊತ್ತಿಗೆ ಮಿಡ್‌ವೈಫ್ ಎಂಎಟಿಬಿ1 ಅಂತ ಬಸುರಿ ಇರೋದಕ್ಕ, ಡ್ಯೂ ಡೇಟ್‌ಗೆ ಪುರಾವೆ ಆಗೋ ಒಂದು ಫಾರ್ಮ್ ಕೊಟ್ರು, ಮ್ಯಾನೇಜರ್‌ಗೆ ಕೊಡು ಅಂದ್ರು. ಕೊಡಾಕ ಹೋಗೋ ಹಿಂದಿನ ರಾತ್ರಿ ಏಜೆಂಟ್ ಅಣ್ಣಗ ಫೋನ್ ಹಚ್ಚಿದೆ. ಅದೇ ನಾ ಮಾಡಿದ ದೊಡ್ಡ ತಪ್ಪು. ಕೇಳ್ಬೇಕಾದ್ದು ಅವನನ್ನಲ್ಲ.

ಅವ ಏನಂದ ಗೊತ್ತೇನ್ರಿ, "ತಂಗಿ, ನಿಂದು ಸ್ಪಾನ್ಸರ್ ವೀಸಾ, ಡೆಲಿವರಿ ರಜಾ ಎಲ್ಲಾ ಅಲ್ಲಿ ಬಿಳಿಯರಿಗೆ. ನೀ ರಜಾ ಕೇಳಿದ್ರ ಕಂಪನಿ ವೀಸಾ ನೋಡ್ಕೊಳ್ಳೋ ಹೋಮ್ ಆಫೀಸ್‌ಗೆ ರಿಪೋರ್ಟ್ ಮಾಡ್ತದ, ಪಾಸ್‌ಪೋರ್ಟ್ ಮ್ಯಾಲ ಬ್ಲ್ಯಾಕ್ ಮಾರ್ಕ್ ಬೀಳ್ತದ, ಗಂಡಂದೂ ಹೋಗ್ತದ. ಸುಮ್ಮನ ರಿಸೈನ್ ಮಾಡಿ ಬಾ. ಚೊಚ್ಚಲ ಬಾಣಂತನ ತವರುಮನ್ಯಾಗ ಆಗ್ಲಿ, ಅವ್ವನ ಕೈ ಊಟ ಉಣ್ಣು, ಆರು ತಿಂಗಳಿಗೆ ಹೊಸ ಸಿಒಎಸ್ ನಾ ಕೊಡ್ತೀನಿ, ಒಂದು ರೂಪಾಯಿ ತಗೊಳ್ಳಂಗಿಲ್ಲ." ತವರುಮನಿ ಅಂದ ನೋಡ್ರಿ, ಅಲ್ಲಿ ನಾ ಕರಗಿಬಿಟ್ಟೆ. ಪರದೇಶದಾಗ ಡಿಸೆಂಬರ್ ಚಳ್ಯಾಗ ನೈಟ್ ಡ್ಯೂಟಿ ಮಾಡಿ ಕಾಲು ಬಾತಿದ್ವು, ಅವ್ವನ ಹೆಸರು ತಗದ್ರ ಯಾರು ಕರಗಂಗಿಲ್ಲ.

ಮರುದಿನ ಮ್ಯಾನೇಜರ್ ರೂಮಿಗೆ ಹೋದೆ. ಫಾರ್ಮ್ ಕೊಟ್ಟೆ, ಆಕಿ ನೋಡ್ಲೇ ಇಲ್ಲ, ಮಡಚಿ ಬಾಜೂಕ ಇಟ್ಲು. ಆಕಿನೂ ಅದೇ ಮಾತು, "ನಾಕು ವಾರಕ್ಕಿಂತ ಜಾಸ್ತಿ ಪಗಾರ ಇಲ್ಲದ ರಜಾ ಹಾಕಿದ್ರ ನಾವು ನಿನ್ನ ಸ್ಪಾನ್ಸರ್‌ಶಿಪ್ ನಿಲ್ಲಿಸಲೇಬೇಕು, ರೂಲ್ ಐತಿ. ನೀನಾಗೇ ಬಿಟ್ರ ನಿನಗೇ ಒಳ್ಳೇದು." ಲೆಟರ್ ಆಗಲೇ ಪ್ರಿಂಟ್ ಆಗಿ ಟೇಬಲ್ ಮ್ಯಾಲ ಐತಿ. ವೈಯಕ್ತಿಕ ಕಾರಣಕ್ಕ ಕೆಲಸ ಬಿಡ್ತೀನಿ, ಕೊನೇ ದಿನ ಡಿಸೆಂಬರ್ 20 ಅಂತ. ಬಸುರಿ ಅನ್ನೋ ಮಾತೇ ಅದರಾಗ ಇಲ್ಲ. ನನ್ನ ಹೆಸರಿನ ಸ್ಪೆಲಿಂಗ್ ತಪ್ಪಿತ್ತು. ಅದನ್ನ ನಾನೇ ಆಕಿ ಪೆನ್ನಿಲೆ ತಿದ್ದಿ, ಕೆಳಗ ಸೈನ್ ಮಾಡಿ ಕೊಟ್ಟೆ. ಹೆಸರು ತಿದ್ದೋವಷ್ಟು ಹೊತ್ತು ಪೆನ್ನು ಕೈಯಾಗಿತ್ತು, "ನಾಳೆ ಕೊಡ್ತೀನಿ ಮೇಡಂ" ಅನ್ನಾಕ ಬಾಯಿ ಬರ್ಲಿಲ್ಲ. ಇವತ್ತಿಗೂ ರಾತ್ರಿ ಕೂಸು ಎದ್ದಾಗ ಅದೇ ಟೇಬಲ್ ಕಣ್ಮುಂದ ಬರ್ತದ.

ನಾ ಯಾಕ ನಂಬಿದೆ ಅಂದ್ರ ನಮ್ಮ ಕಡೆ ನೋಡಿದ್ದೇ ಅದು. ನಮ್ಮ ದೇಶದಾಗೂ 2017ರಿಂದ 26 ವಾರ ಹೆರಿಗಿ ರಜಾ ಕಾನೂನು ಐತಿ, ಆದ್ರ ಸಣ್ಣ ಸಣ್ಣ ನರ್ಸಿಂಗ್ ಹೋಮ್‌ನಾಗ ಯಾರಿಗೆ ಕೊಡ್ತಾರ? ಏಳು ತಿಂಗಳಾದ್ರ "ನಾಳೆಯಿಂದ ಬರಬ್ಯಾಡಮ್ಮ" ಅಂತಾರ, ಮುಗೀತು. ಅಲ್ಲೂ ಹಂಗೇ ಇರ್ತದ ಅನ್ಕೊಂಡೆ.

ಊರಿಗೆ ಬಂದು ಕೂಸು ಹುಟ್ಟಿ ಎರಡು ತಿಂಗಳಾದ ಮ್ಯಾಲ ಬೇರೆ ಕೇರ್ ಹೋಮ್‌ನಾಗ ಇದ್ದ ಕೇರಳದ ಗೆಳತಿ ಫೋನ್ ಮಾಡಿದ್ಲು. ಆಕೀದೂ ನನ್ನಂಥದೇ ವೀಸಾ. ಆಕಿ ರಜಾದಾಗ ಇದ್ಲು, ಪಗಾರ ಸಮೇತ! "ನಿನಗ ಬರ್ಲಿಲ್ಲೇನು?" ಅಂತ ನನ್ನೇ ಕೇಳ್ತಾಳ. ಆಕಿ ಹೇಳಿದ ಮ್ಯಾಲ ನಾ ಕುಂತು ಒಂದೊಂದೇ ಓದಿದೆ. ಯುಕೆನಾಗ ಹೆರಿಗಿ ರಜಾ 52 ವಾರ, ಅದು ಕೆಲಸಕ್ಕ ಸೇರಿದ ಮೊದಲ ದಿನದಿಂದಲೇ ಐತಿ, ವೀಸಾ ಯಾವುದು ಅಂತ ಕೇಳಂಗಿಲ್ಲ. ಅದರಾಗ 39 ವಾರ ರೊಕ್ಕ ಬರ್ತದ, ಮೊದಲ 6 ವಾರ ಪಗಾರದ 90 ಪರ್ಸೆಂಟ್, ಆಮ್ಯಾಲ 33 ವಾರ ವಾರಕ್ಕ ಇಂತಿಷ್ಟು ಅಂತ, 2025ರ ಏಪ್ರಿಲ್‌ನಿಂದ 187.18 ಪೌಂಡ್ ಇತ್ತು. ಬರೀ ಆ 33 ವಾರದ್ದೇ ಆರು ಸಾವಿರ ಪೌಂಡ್ ದಾಟ್ತದ, ನಮ್ಮ ರೊಕ್ಕದಾಗ ಏಳು ಲಕ್ಷದ ಆಸುಪಾಸು. ನಮ್ಮಪ್ಪನ ಗದ್ದಿ ಬಿಡಿಸ್ಕೊಬಹುದಿತ್ತು.

ವೀಸಾದವರಿಗೆ ಸರ್ಕಾರದ ಸಹಾಯ ಇಲ್ಲ ಅಂತ ಅಂತಾರಲ್ಲ, ಈ ಪಗಾರ ಅದರಾಗ ಬರಂಗೇ ಇಲ್ಲ. ಆ ನಾಕು ವಾರದ ರೂಲ್ ಖರೇನ ಐತಿ, ಆದ್ರ ಹೆರಿಗಿ ರಜಾಕ್ಕ ಅದು ಹತ್ತಂಗಿಲ್ಲ ಅಂತ ಅದರ ಕೆಳಗೇ ಬರದೈತಿ. ಆ ಮ್ಯಾನೇಜರ್ ಅರ್ಧ ಹೇಳಿ ಅರ್ಧ ನುಂಗಿದ್ಲು. ಅರ್ಧ!

ಈಗ ಆ ತಾರೀಖಿನ ಮಾತು. ಆ ಪಗಾರ ಸಿಗ್ಬೇಕಂದ್ರ ಹೆರಿಗಿ ವಾರಕ್ಕ 15 ವಾರ ಮುಂಚಿನ ವಾರದಾಗ ನಾವು ಕೆಲಸದಾಗ ಇರ್ಬೇಕು, ಅಷ್ಟರೊಳಗ ಅದೇ ಕಂಪನ್ಯಾಗ 26 ವಾರ ಆಗಿರ್ಬೇಕು. ನಂದು ಒಂದು ವರ್ಷದ ಮ್ಯಾಲಾಗಿತ್ತು. ಏಪ್ರಿಲ್ 20ರಿಂದ ಹಿಂದಕ್ಕ ಎಣಿಸಿದ್ರ ಆ ವಾರ ಜನವರಿ 5ಕ್ಕ ಶುರು. ನನ್ನ ಕೊನೇ ದಿನ ಡಿಸೆಂಬರ್ 20. ಹದಿನಾರು ದಿನ. ಆ ವಾರ ಶುರುವಾದ ಮ್ಯಾಲ ನಾ ಬಿಟ್ಟಿದ್ರೂ ಅವರು ರೊಕ್ಕ ಕೊಡಲೇಬೇಕಿತ್ತು. ಹದಿನಾರು ದಿನದ ಸಲುವಾಗಿ ಲೆಟರ್ ತಯಾರು ಮಾಡಿ ಇಟ್ಟಿದ್ರು. ಕ್ಯಾಲೆಂಡರ್‌ನಾಗ ಬೆರಳಿಟ್ಟು ಎಣಿಸಿದೆ, ಮೂರು ಸಲ ಎಣಿಸಿದೆ, ಆಮ್ಯಾಲ ಕೂಸಿನ್ನ ಅವ್ವಗ ಕೊಟ್ಟು ಬಚ್ಚಲಕ್ಕ ಹೋಗಿ ಅತ್ತೆ.

ಏಜೆಂಟ್‌ಗ ಮೆಸೇಜ್ ಹಾಕಿದೆ. ಮೊದಲು "ಹೌದಾ, ನಂಗೂ ಗೊತ್ತಿರ್ಲಿಲ್ಲ ತಂಗಿ." ಆಮ್ಯಾಲ "ಸೈನ್ ಮಾಡಿದ್ದು ನೀನು, ನಾ ಏನ್ ಮಾಡ್ಲಿ." ಹೊಸ ಸಿಒಎಸ್ ಕೇಳಿದ್ರ "ಮುಂದಿನ ತಿಂಗಳು", "ಪ್ರೊಸೆಸ್‌ನಾಗ ಐತಿ", "ಕಂಪನ್ಯಾಗ ಮೀಟಿಂಗ್ ಐತಿ". 2025ರ ಜುಲೈ 22ಕ್ಕ ಹೊರದೇಶದಿಂದ ಹೊಸ ಕೇರ್ ವರ್ಕರ್ ತಗೊಳ್ಳೋದೇ ಯುಕೆ ಬಂದ್ ಮಾಡ್ತು. ಬಂದ್ ಆಗದೇ ಇದ್ದಿದ್ರೂ ಏನು, 2024ರ ಮಾರ್ಚ್ 11ರಿಂದ ಹೊಸದಾಗಿ ಹೋಗೋ ಕೇರ್ ವರ್ಕರ್ ಗಂಡ ಮಕ್ಕಳನ್ನ ಕರ್ಕೊಂಡು ಹೋಗಂಗಿಲ್ಲ. ಅಂದ್ರ ನನ್ನ ಕೂಸು, ನನ್ನ ಗಂಡ ಇಲ್ಲೇ, ನಾ ಅಲ್ಲಿ. ಅವ "ರಿಸೈನ್ ಮಾಡಿ ಬಾ" ಅಂದಾಗ ಈ ರೂಲ್ ಬಂದು ಒಂಬತ್ತು ತಿಂಗಳಾಗಿತ್ತು. ಅವಂಗ ಗೊತ್ತಿರ್ಲಿಲ್ಲೇನು? ಇದನ್ನೇ ಕೇಳಿದೆ. ನೀಲಿ ಟಿಕ್ ಬಂತು, ಉತ್ತರ ಇಲ್ಲ.

ಕೇಸ್ ಹಾಕ್ಬೇಕಂದ್ರ ಅಲ್ಲಿ ಕೆಲಸದ ತಕರಾರು ನೋಡೋ ಏಕಾಸ್ ಅಂತ ಸಂಸ್ಥೆಗೆ ಆಗ ಮೂರು ತಿಂಗಳಿಗೆ ಒಂದು ದಿನ ಕಮ್ಮಿ ಇರೋದ್ರೊಳಗ ಹೇಳ್ಬೇಕಿತ್ತು. ನನಗ ಗೊತ್ತಾಗೋ ಹೊತ್ತಿಗೆ ಅದೂ ಮುಗಿದಿತ್ತು.

ಅಲ್ಲಿ ಯಾರಾರ ಬಸುರಿ ಇದ್ರ, ನಿಮ್ಮ ಡ್ಯೂ ಡೇಟ್‌ನಿಂದ 15 ವಾರ ಹಿಂದಕ್ಕ ಇವತ್ತೇ ಎಣಿಸ್ರಿ. ರಜಾ ಇಮೇಲ್‌ನಾಗೇ ಕೇಳ್ರಿ, ಬಾಯಿಮಾತಿಗೆ ಸಾಕ್ಷಿ ಇರಂಗಿಲ್ಲ. ಲೆಟರ್ ಕೊಟ್ರ ಮನಿಗೆ ತಗೊಂಡು ಹೋಗ್ರಿ, ಅಲ್ಲೇ ಸೈನ್ ಮಾಡ್ಬ್ಯಾಡ್ರಿ, ಏಕಾಸ್‌ಗೆ ಫೋನ್ ಮಾಡ್ರಿ, ಪುಕ್ಕಟೆ ಹೇಳ್ತಾರ. ಆ ಪಗಾರ ಸಿಗದಿದ್ರೂ ಮೆಟರ್ನಿಟಿ ಅಲೋವೆನ್ಸ್ ಅಂತ ಹೆರಿಗಿ ಟೈಮಿನ ಇನ್ನೊಂದು ರೊಕ್ಕ ಐತಿ, ಅದನ್ನ ಅಲ್ಲಿದ್ದಾಗಲೇ ಕೇಳ್ರಿ, ನಂಗ ಒಬ್ಬರೂ ಹೇಳ್ಲಿಲ್ಲ. ಏಜೆಂಟ್‌ನ ಅಣ್ಣ ಅಂತ ಕರೀಬ್ಯಾಡ್ರಿ, ಅವ ನಿಮ್ಮಣ್ಣ ಅಲ್ಲ.

ಇವತ್ತು ಯಾಕ ಬರದೆ ಅಂದ್ರ, ಮೊನ್ನೆ ಅವನ ಸ್ಟೇಟಸ್‌ನಾಗ ಜರ್ಮನಿ ನರ್ಸ್ ವೀಸಾ ಅಂತ ಫೋಟೋ ನೋಡಿದೆ. ನಮ್ಮ ಓಣ್ಯಾಗಿನ ಇಬ್ಬರು ಹುಡುಗ್ಯಾರು ಆಗಲೇ ಅಡ್ವಾನ್ಸ್ ಕೊಟ್ಟಾರಂತ.